ನಿಂತಲ್ಲೇ ತಿರುಗಿ ಕೊಡುವ ಮರದಾಳು

ಮಕ್ಕಳೇ, ಇವತ್ತು ನಿಮಗೆ ಒಬ್ಬ ವಿಚಿತ್ರ ಮೇಷ್ಟ್ರನ್ನು ಪರಿಚಯ ಮಾಡಿಸುತ್ತೇನೆ. ಅವರಿಗೆ ಮೂರು ಕೈ, ಒಂದೇ ಕಾಲು. ಮುಖವಿಲ್ಲ, ಮಾತಿಲ್ಲ, ಮೈಯೆಲ್ಲ ಮರ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಫೋಶಾನ್ ಎಂಬ ಊರಿದೆ. ಆ ಸೀಮೆಯಲ್ಲಿ ಬೆಳೆದ ವಿಂಗ್ ಚುನ್ ಎಂಬ ಕುಂಗ್‌ಫು ಕಲಿಯುವವರು ಇವರ ಎದುರು ನಿಂತು ಅಭ್ಯಾಸ ಮಾಡುತ್ತಾರೆ. ಅಲ್ಲಿಯವರ ಬಾಯಲ್ಲಿ ಇದು ಮುಕ್ ಯಾನ್ ಜೊಂಗ್. ನಾವು ಮರದಾಳು ಅನ್ನೋಣ. ನಮ್ಮ ಮಲ್ಲಕಂಬದ ಜಾತಿಯಲ್ಲ ಇದು. ಮಲ್ಲಕಂಬವನ್ನು ಹತ್ತುತ್ತಾರೆ, ಇದಕ್ಕೆ ಹೊಡೆಯುತ್ತಾರೆ.

ಕಣ್ಣು ಮುಚ್ಚಿ ಚಿತ್ರ ಕಟ್ಟಿಕೊಳ್ಳಿ. ಸುಮಾರು 5 ಅಡಿ ಎತ್ತರದ, ಹೆಚ್ಚುಕಡಿಮೆ ಒಂದು ಗೇಣು ದಪ್ಪದ ದುಂಡನೆಯ ದಿಮ್ಮಿ. ಮೇಲುಗಡೆ ಎರಡು ಕೈ ತುಸು ಅಗಲಿಸಿ ನಿಮ್ಮ ಕಡೆಗೆ ಚಾಚಿವೆ. ಅವುಗಳ ಕೆಳಗೆ, ನಡುವಿನಲ್ಲಿ ಮೂರನೆಯದು. ಇನ್ನೂ ಕೆಳಗೆ, ಮಂಡಿ ಬಗ್ಗಿಸಿ ಮುಂದಿಟ್ಟಂತಿರುವ ಕಾಲು.

ಇಲ್ಲೊಂದು ಒಗಟು ಇದೆ. ಪ್ರತಿ ಕೈಯ ಬುಡ ಚೌಕವಾಗಿದ್ದು, ದಿಮ್ಮಿಯ ಚೌಕ ತೂತಿನಲ್ಲಿ ತೂರಿ ಹಿಂದೆ ಹೊರಬರುತ್ತದೆ. ಮೇಲಿನ ಎರಡೂ ಕೈ ಓರೆಯಾಗಿ ತೂರುವುದರಿಂದ ದಿಮ್ಮಿಯ ಹೊಟ್ಟೆಯೊಳಗೆ ಡಿಕ್ಕಿ ಹೊಡೆಯಬೇಕಲ್ಲ? ಅದಕ್ಕೇ ಬಡಗಿ ಒಂದು ತೂತನ್ನು ಇನ್ನೊಂದರ ಮೇಲೆ ಕೊರೆಯುತ್ತಾನೆ. ಹಾಗಾದರೆ ಒಂದು ಕೈ ಮೇಲೆ, ಒಂದು ಕೆಳಗೆ ಆಗಿಬಿಡುವುದಿಲ್ಲವೇ? ಆಗುವುದಿಲ್ಲ. ಕೈಯ ಬುಡವನ್ನು ನಟ್ಟನಡುವೆ ಬಿಡದೆ ಒಂದು ಅಂಚಿಗೆ ಸರಿಸಿ ಕೆತ್ತಿರುತ್ತಾನೆ. ಒಳಗೆ ಮೇಲೆ ಕೆಳಗೆ, ಹೊರಗೆ ಸರಿಸಮ! ನನಗಂತೂ ಈ ಜಾಣತನ ಬಲು ಇಷ್ಟ.

ಕೈಗಳನ್ನು ಬಿಗಿಯಾಗಿಯೂ ಕೂರಿಸುವುದಿಲ್ಲ. ಅಜ್ಜಿ ಮನೆಯ ಹಳೇ ಬಾಗಿಲ ಅಗುಳಿಯ ಹಾಗೆ ಅವು ತುಸು ಲಟಲಟ ಅನ್ನುತ್ತಿರಬೇಕು. ತಾಗಿದಾಗ ಟಕ್ ಎಂದು ಸದ್ದು ಬರುತ್ತದೆ. ಪಳಗಿದವರು ಆ ಸದ್ದು ಕೇಳಿಯೇ ಪೆಟ್ಟು ಸರಿಯಾಗಿ ಬಿತ್ತೋ ಇಲ್ಲವೋ ಹೇಳಬಲ್ಲರು.

ಈಗ ಹೊಡೆಯೋಣ. ಆದರೆ ಅದಕ್ಕೂ ಮೊದಲು ನಿಮ್ಮ ತೋರುಬೆರಳಿನಿಂದ ಮೇಜನ್ನು ಗಟ್ಟಿಯಾಗಿ ಒತ್ತಿ, ಉಗುರನ್ನೇ ನೋಡಿ. ಬೆರಳ ತುದಿ ಚಪ್ಪಟೆಯಾಯಿತು, ಉಗುರು ಅಲ್ಲಲ್ಲಿ ಬಿಳುಚಿತು. ಮೇಜನ್ನು ಒತ್ತಿದವರು ನೀವು, ಚಪ್ಪಟೆಯಾದದ್ದು ನಿಮ್ಮ ಬೆರಳು! ಏಕೆಂದರೆ ನೀವು ಒತ್ತಿದಷ್ಟೇ ಬಲದಿಂದ ಮೇಜೂ ನಿಮ್ಮನ್ನು ಒತ್ತಿತು. ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಈ ನಿಯಮವನ್ನು ಬರೆದ. ಬೆರಳು ಕಲ್ಲನ್ನು ಒತ್ತಿದರೆ ಕಲ್ಲೂ ಬೆರಳನ್ನು ಒತ್ತುತ್ತದೆ ಎಂಬ ಉದಾಹರಣೆ ಕೊಟ್ಟವನೂ ಅವನೇ. ಮರದಾಳು ಕೈ ಎತ್ತದೆಯೇ ತಿರುಗಿ ಕೊಡುವುದು ಹೀಗೆ. ಅದಕ್ಕೇ ಹೊಸಬರನ್ನು ಇದರ ಮುಂದೆ ನಿಲ್ಲಿಸುವುದಿಲ್ಲ. ಕೈಯ ಪಟ್ಟುಗಳನ್ನು ಬರಿಗಾಳಿಯಲ್ಲಿ ಸಾಕಷ್ಟು ಕಲಿತ ಮೇಲೆಯೇ ಇದರ ಸರದಿ.

ಹಿಂದೆ ದಿಮ್ಮಿಯನ್ನು ಅಂಗಳದ ನೆಲದಲ್ಲಿ ಹೂಳುತ್ತಿದ್ದರು. ಕುಂಗ್‌ಫು ಸಿನಿಮಾಗಳ ನಟ ಬ್ರೂಸ್ ಲೀಗೆ ವಿಂಗ್ ಚುನ್ ಕಲಿಸಿದ ಇಪ್ ಮ್ಯಾನ್ ಹುಟ್ಟಿದ್ದು ಫೋಶಾನ್‌ನಲ್ಲಿ, 1893ರಲ್ಲಿ. ಮುಂದೆ ಅವರು ಹಾಂಗ್‌ಕಾಂಗ್‌ಗೆ ಬಂದು 1950ರ ದಶಕದಲ್ಲಿ ಪಾಠ ಹೇಳತೊಡಗಿದರು. ಅಲ್ಲಿ ಮಹಡಿಯ ಮೇಲೆ ಮಹಡಿ. ಹೂಳಲು ಮಣ್ಣೆಲ್ಲಿ? ಹಾಗಾಗಿ ದಿಮ್ಮಿಯ ಹಿಂದೆ ಅಡ್ಡಡ್ಡಲಾಗಿ ಎರಡು ಮರದ ಪಟ್ಟಿ ತೂರಿಸಿ ಅವುಗಳ ಮೇಲೆ ಅದನ್ನು ನಿಲ್ಲಿಸಿದರು. ಇಕ್ಕಟ್ಟು ಹುಟ್ಟಿಸಿದ ಈ ಉಪಾಯವೇ ಮರದಾಳಿಗೆ ಜೀವ ತಂದಿತು.

ಹೇಗೆ ಅನ್ನುತ್ತೀರಾ? ಎರಡು ಪುಸ್ತಕಗಳನ್ನು ದೂರದೂರ ಇಟ್ಟು, ಮೇಲೆ ನಿಮ್ಮ ಸ್ಕೇಲನ್ನು ಸೇತುವೆಯಂತೆ ಮಲಗಿಸಿ. ನಡುವಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಬಾಗಿತಲ್ಲ? ಬಾಗುತ್ತಲೇ ಬೆರಳನ್ನು ಮೇಲಕ್ಕೆ ದೂಡುತ್ತಿದೆ. ಬಿಟ್ಟರೆ ಮತ್ತೆ ನೆಟ್ಟಗೆ. ಮರದಾಳಿನ ಪಟ್ಟಿಗಳೂ ಹೀಗೆಯೇ. ಪೆಟ್ಟು ಬಿದ್ದಾಗ ಬಾಗಿ ದಿಮ್ಮಿಯನ್ನು ಚೂರು ಹಿಂದಕ್ಕೆ ಬಿಡುತ್ತವೆ. ಪೆಟ್ಟು ಒಮ್ಮೆಲೇ ನಿಲ್ಲದೆ ನಿಧಾನವಾಗಿ ನಿಲ್ಲುವುದರಿಂದ ಕೈಗೆ ನೋವು ಕಡಿಮೆ. ಮರುಕ್ಷಣ ಪಟ್ಟಿ ನೆಟ್ಟಗಾಗುತ್ತದೆ, ದಿಮ್ಮಿ ನಿಮ್ಮತ್ತ ನುಗ್ಗುತ್ತದೆ. ಕಾಲು ಸರಿಯಾಗಿ ಊರಿರದಿದ್ದರೆ ಹೊಡೆದವರೇ ಹಿಂದೆ ಸರಿಯಬೇಕು!

ಗೆಳೆಯರೊಡನೆ ಅಭ್ಯಾಸ ಮಾಡಿದರೆ ಸಾಲದೇ? ಅದೂ ಬೇಕು. ಆದರೆ ಗೆಳೆಯ ನಿಮಗಾಗಿ ಕೈಯನ್ನು ಒಂಚೂರು ಈಚೆಗೆ ತಂದುಬಿಡುತ್ತಾನೆ. ಮರದಾಳು ಮುಲಾಜು ನೋಡುವುದಿಲ್ಲ. ನಿನ್ನೆ ಇದ್ದಲ್ಲೇ ಇವತ್ತೂ ಅದರ ಕೈ. ತಾಗಲಿಲ್ಲವೆಂದರೆ ನಿಮ್ಮ ಹೆಜ್ಜೆ ತಪ್ಪಿದೆ. ಅದು ನಡೆಯುವುದಿಲ್ಲವಾದ್ದರಿಂದ ನೀವೇ ಅದರ ಎಡಬಲಕ್ಕೆ ಸರಿದಾಡಬೇಕು. ಇಪ್ ಮ್ಯಾನ್ ಪರಂಪರೆಯಲ್ಲಿ ಇದಕ್ಕೆಂದೇ 116 ಚಲನೆಗಳ ಸರಣಿ ಇದೆ. ಮಾಡುತ್ತಾ ಮಾಡುತ್ತಾ ಯೋಚಿಸದೆಯೇ ಕೈ ಓಡತೊಡಗುತ್ತದೆ. ಆ ನೆನಪು ಕೂರುವುದು ಕೈಯಲ್ಲಲ್ಲ, ಮೆದುಳಿನಲ್ಲಿ. ತಲೆಯ ಹಿಂಭಾಗದ ಕಿರುಮೆದುಳು ಈ ಕೆಲಸದಲ್ಲಿ ದೊಡ್ಡ ಪಾಲುಗಾರ.

ಓದಿದ ಹುರುಪಿನಲ್ಲಿ ಮನೆಯ ಕಂಬಕ್ಕೆ ಮಾತ್ರ ಹೊಡೆಯಲು ಹೋಗಬೇಡಿ. ಕಂಬಕ್ಕೆ ಬಾಗುವ ಪಟ್ಟಿ ಇಲ್ಲ. ಸದ್ಯಕ್ಕೆ ಸ್ಕೇಲು, ಎರಡು ಪುಸ್ತಕ ಸಾಕು.