ಚಾಲಕ ಒಂದು ಕಡೆ, ಕಾರು ಇನ್ನೊಂದು ಕಡೆ



ಕಾರಿನ ಪ್ರದರ್ಶನ ಎಂದರೆ ಥಳಥಳಿಸುವ ಬಾನೆಟ್ಟು, ಅದಕ್ಕೆ ಒರಗಿಕೊಂಡು ಒಂದು ಸೆಲ್ಫಿ. ಇಲ್ಲಿ ಅದೊಂದೂ ಇಲ್ಲ. ಮೇಜುಗಳ ಮೇಲಿರುವುದು ಕೊಯ್ದು ತೆರೆದಿಟ್ಟ ವೀಲ್ ಬೇರಿಂಗ್, ಸ್ಟೀರಿಂಗ್ ಕಾಲಮ್ಮಿನಿಂದ ಬಿಚ್ಚಿದ ಪ್ಲಾಸ್ಟಿಕ್ ಬಿಲ್ಲೆ, ಅಂಗೈಯಲ್ಲಿ ಹಿಡಿಸುವ ಕಪ್ಪು ಪೆಟ್ಟಿಗೆ, ತೂತು ಕೊರೆದ ಅಲ್ಯೂಮಿನಿಯಂ ಗಟ್ಟಿ. ಇವೆಲ್ಲ ಸೇರಿದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ಶೋರೂಮಿನ ಭಾಷೆಯಲ್ಲಿ ಇಎಸ್‌ಸಿ, ಕೆಲವು ಕಂಪನಿಗಳಿಗೆ ಇಎಸ್‌ಪಿ.

ಇದರ ಮುಕ್ಕಾಲು ಪಾಲು ಸಾಮಾನು ಹಳೆಯದು. 1978ರಲ್ಲೇ ಬಾಷ್ ಮತ್ತು ಮರ್ಸಿಡಿಸ್ ಸೇರಿ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಅನ್ನು ಮಾರುಕಟ್ಟೆಗೆ ತಂದಿದ್ದವು. ಆದರೆ ಎಬಿಎಸ್‌ಗೆ ಗೊತ್ತಿರುವುದು ಚಕ್ರಗಳ ಸುದ್ದಿ ಮಾತ್ರ. ನಾಲ್ಕೂ ಚಕ್ರ ಸರಾಗವಾಗಿ ಉರುಳುತ್ತಿದ್ದರೂ ಕಾರು ಅಡ್ಡಡ್ಡ ಜಾರುತ್ತಿರಬಹುದು. ಆ ಜಾರಾಟ ಎಬಿಎಸ್‌ನ ಲೆಕ್ಕಕ್ಕೇ ಬರುವುದಿಲ್ಲ. 1989ರ ಚಳಿಗಾಲದಲ್ಲಿ ಸ್ವೀಡನ್ನಿನ ಹಿಮದ ರಸ್ತೆಯಲ್ಲಿ ಪರೀಕ್ಷೆ ನಡೆಸುತ್ತಿದ್ದ ಮರ್ಸಿಡಿಸ್ ಎಂಜಿನಿಯರ್ ಫ್ರಾಂಕ್-ವೆರ್ನರ್ ಮೋನ್ ಕಾರು ಸಮೇತ ಹೊಂಡಕ್ಕೆ ಜಾರಿದರು. ಎಳೆದು ತೆಗೆಯುವವರು ಬರುವ ತನಕ ಅವರ ತಲೆ ಕೊರೆದ ಪ್ರಶ್ನೆ ಇದೇ: ಕಾರು ತಾನೇ ತಿರುಗುತ್ತಿರುವುದನ್ನು ಅಳೆಯುವ ಸಾಧನವೊಂದು ಬ್ರೇಕಿನ ಜೊತೆ ಮಾತಾಡುವಂತಿದ್ದರೆ? ಮೊದಲ ಪ್ರಯೋಗಕ್ಕೆ ಆಟಿಕೆ ಹೆಲಿಕಾಪ್ಟರಿನ ಗೈರೊ ತಂದರು ಎಂದು ಕಂಪನಿಯೇ ಹೇಳಿಕೊಳ್ಳುತ್ತದೆ. ಅದರ ವೇಗ ಸಾಲಲಿಲ್ಲ. ಬಾಷ್‌ನಲ್ಲಿ ಆಂಟನ್ ಫಾನ್ ಸಾಂಟೆನ್ ಅವರ ತಂಡ ಇದೇ ಲೆಕ್ಕ ಬಿಡಿಸುತ್ತಿತ್ತು. 1995ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್ ಕೂಪೆಯೊಳಗೆ ಈ ವ್ಯವಸ್ಥೆ ರಸ್ತೆಗಿಳಿಯಿತು.

ಇಡೀ ವ್ಯವಸ್ಥೆ ಕೇಳುವುದು ಎರಡೇ ಪ್ರಶ್ನೆ. ಚಾಲಕ ಎತ್ತ ಹೋಗಬೇಕೆಂದಿದ್ದಾನೆ? ಕಾರು ಎತ್ತ ಹೋಗುತ್ತಿದೆ?

ಮೊದಲನೆಯದಕ್ಕೆ ಉತ್ತರ ಕೊಡುವುದು ಆ ಪ್ಲಾಸ್ಟಿಕ್ ಬಿಲ್ಲೆ, ಅಂದರೆ ಸ್ಟೀರಿಂಗ್ ಕೋನದ ಸೆನ್ಸರ್. ಕೆಲಸ ಸುಲಭ ಅನ್ನಿಸಬಹುದು. ಆದರೆ ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ಮೂರು ಸುತ್ತಿನ ಆಸುಪಾಸು ತಿರುಗುತ್ತದೆ. ಹತ್ತು ಡಿಗ್ರಿ ಎಂದರೆ ಯಾವ ಸುತ್ತಿನ ಹತ್ತು? ಅದಕ್ಕೇ ಹಲ್ಲುಗಳ ಸಂಖ್ಯೆ ಬೇರೆಬೇರೆಯಾಗಿರುವ ಎರಡು ಪುಟ್ಟ ಗೇರುಗಳು, ಎರಡರಲ್ಲೂ ಒಂದೊಂದು ಅಯಸ್ಕಾಂತ. ಎರಡೂ ನಿಂತ ಭಂಗಿ ಸೇರಿಸಿ ನೋಡಿದರೆ ಸುತ್ತೂ ಗೊತ್ತಾಗುತ್ತದೆ, ಕೋನವೂ ಗೊತ್ತಾಗುತ್ತದೆ. ಚಾಲಕ ಬ್ರೇಕನ್ನು ಎಷ್ಟು ಒತ್ತಿದ ಎಂಬುದನ್ನು ಬ್ರೇಕ್ ಆಯಿಲಿನ ಒತ್ತಡ ಅಳೆಯುವ ಸೆನ್ಸರ್ ಹೇಳುತ್ತದೆ, ಅದರಲ್ಲಿ ವಿಶೇಷವೇನಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಆ ಕಪ್ಪು ಪೆಟ್ಟಿಗೆಯಲ್ಲಿದೆ. ಕಾರಿನ ನಟ್ಟನಡುವೆ ಒಂದು ಗೂಟ ನೆಟ್ಟು, ಅದರ ಸುತ್ತ ಕಾರು ಎಷ್ಟು ಬೇಗ ತಿರುಗುತ್ತಿದೆ ಎಂದು ಕೇಳಿದರೆ ಬರುವ ಉತ್ತರವೇ ಯಾ-ರೇಟ್. ಮೊದಲ ತಲೆಮಾರಿನಲ್ಲಿ ಇದನ್ನು ಅಳೆಯಲು ಕಂಪಿಸುವ ಲೋಹದ ಕೊಳವೆ ಇತ್ತು. 1998ರ ಹೊತ್ತಿಗೆ ಬಾಷ್ ಅದನ್ನು ಸಿಲಿಕಾನ್ ಚಿಪ್ಪಿಗೆ ಇಳಿಸಿತು. ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ತುಂಡೊಂದು ಸೆಕೆಂಡಿಗೆ ಸಾವಿರಾರು ಸಲ ಹಿಂದೆಮುಂದೆ ತೊನೆಯುತ್ತಿರುತ್ತದೆ. ಕಾರು ತಿರುಗಿತೋ, ತುಂಡು ಪಕ್ಕಕ್ಕೆ ಸರಿಯುತ್ತದೆ. ಜಾತ್ರೆಯಲ್ಲಿ ಸುತ್ತುತ್ತಿರುವ ಕುದುರೆ ಚಕ್ರದ ಹಲಗೆಯ ಮೇಲೆ ನಡುವಿನಿಂದ ಅಂಚಿಗೆ ನೇರ ನಡೆಯಲು ಹೋದವರಿಗೆ ಈ ತಳ್ಳಾಟ ಚೆನ್ನಾಗಿ ಗೊತ್ತು. ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲಿ ಗಣಿತದಲ್ಲಿ ಬರೆದಿಟ್ಟ ಬಲ ಅದೇ.

ಅದೇ ಪೆಟ್ಟಿಗೆಯಲ್ಲಿ ಅಡ್ಡ ವೇಗೋತ್ಕರ್ಷ ಅಳೆಯುವ ಇನ್ನೊಂದು ಚಿಪ್ ಇರುತ್ತದೆ. ಯಾ-ರೇಟ್ ಸರಿಯಿದ್ದ ಮೇಲೆ ಇದೇಕೆ ಬೇಕು? ಒಣ ಡಾಂಬರಿನ ಮೇಲೆ ಸರಿಯಾದ ಯಾ-ರೇಟ್, ಮಳೆನೀರಿನ ಮೇಲೆ ಅತಿಯಾಗಬಹುದು: ಮೂತಿ ತಿರುವಿನ ಕಡೆಗೆ, ಒಡಲು ರಸ್ತೆಯಾಚೆಗೆ. ರಸ್ತೆ ಎಷ್ಟು ಹಿಡಿತ ಕೊಡುತ್ತಿದೆ ಎಂಬುದನ್ನು ಅಂದಾಜು ಮಾಡುವುದು ಈ ಚಿಪ್ಪಿನ ಸಹಾಯದಿಂದ.

ಬಾಷ್ ಹೇಳುವಂತೆ ಈ ಎರಡು ಉತ್ತರಗಳನ್ನು ತಾಳೆ ನೋಡುವ ಕೆಲಸ ಸೆಕೆಂಡಿಗೆ 25 ಸಲ ನಡೆಯುತ್ತದೆ. ಎಡ ತಿರುವಿನಲ್ಲಿ ಬಾಲ ಹೊರಗೆ ಬೀಸಿತೆಂದರೆ ಬಲ ಮುಂಚಕ್ರಕ್ಕೆ ಬ್ರೇಕ್. ಮೂತಿಯೇ ತಿರುಗದೆ ನೇರ ಓಡಿದರೆ ಎಡ ಹಿಂಚಕ್ರಕ್ಕೆ. ಚಾಲಕನ ಕಾಲು ಬ್ರೇಕಿನ ಹತ್ತಿರವೂ ಸುಳಿದಿರುವುದಿಲ್ಲ! ಎಬಿಎಸ್‌ನ ಅಲ್ಯೂಮಿನಿಯಂ ಗಟ್ಟಿಯಲ್ಲಿ ಎಂಟು ವಾಲ್ವ್ ಸಾಕಿದ್ದರೆ ಇಲ್ಲಿ ಹನ್ನೆರಡು ಬೇಕಾಗುವುದು ಇದಕ್ಕೇ. ಎಬಿಎಸ್ ಕಾಲು ಕೊಟ್ಟ ಒತ್ತಡವನ್ನು ಹಿಡಿದು ಬಿಡುತ್ತದೆ. ಇಎಸ್‌ಸಿ ತನ್ನದೇ ಪಂಪಿನಿಂದ ಒತ್ತಡ ಹುಟ್ಟಿಸಬೇಕು. ಜೊತೆಗೆ ಎಂಜಿನ್ನಿಗೆ, ಶಕ್ತಿ ತಗ್ಗಿಸು ಎಂದು ಸಂದೇಶ. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಹಳದಿ ಚಿತ್ರ ಮಿನುಗುವುದು ಆ ಗಳಿಗೆಯಲ್ಲಿ.

ದುಬಾರಿ ಕಾರಿನ ಈ ವೈಭೋಗ ಸಣ್ಣ ಕಾರಿಗೆ ಇಳಿದದ್ದು ಒಂದು ಮುಖಭಂಗದಿಂದ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಟೆಕ್ನಿಕೆನ್ಸ್ ವಾರ್ಲ್ಡ್ ಪತ್ರಿಕೆಯವರು ಮರ್ಸಿಡಿಸ್ ಎ-ಕ್ಲಾಸ್ ಅನ್ನು, ರಸ್ತೆಗೆ ನುಗ್ಗಿದ ಮೂಸ್ ಜಿಂಕೆಯನ್ನು ತಪ್ಪಿಸುವಂತೆ ಓಡಿಸಿದರು. ಹೊಚ್ಚಹೊಸ ಕಾರು ಮಗುಚಿ ಬಿತ್ತು. ಕಂಪನಿ ವಿತರಣೆ ನಿಲ್ಲಿಸಿ ಎಲ್ಲ ಎ-ಕ್ಲಾಸ್‌ಗೂ ಇಎಸ್‌ಪಿ ಹಾಕಿಕೊಟ್ಟಿತು. ಜಾಹೀರಾತಿನಿಂದ ಆಗದ್ದು ಆ ಒಂದು ಪಲ್ಟಿಯಿಂದ ಆಯಿತೆನ್ನಬೇಕು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ನವೆಂಬರಿನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಭಾರತದಲ್ಲಿ 2023ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕಾರು ಸುರಕ್ಷತಾ ರೇಟಿಂಗ್ ಭಾರತ್ ಎನ್‌ಸಿಎಪಿಯಲ್ಲಿ ಮೂರು ನಕ್ಷತ್ರ ಅಥವಾ ಹೆಚ್ಚು ಬೇಕಿದ್ದರೆ ಇಎಸ್‌ಸಿ ಇರಲೇಬೇಕು. ಮಳೆಗಾಲದ ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳನ್ನು ಬಲ್ಲವರು ಸನ್‌ರೂಫಿಗೆ ಮೊದಲು ಇದನ್ನು ಕೇಳಿ ಕಾರು ಕೊಳ್ಳುವುದು ಒಳ್ಳೆಯದು.

ಆದರೆ ಸೆನ್ಸರ್ ಸುಳ್ಳು ಹೇಳಿದರೆ ಕಂಪ್ಯೂಟರ್ ನಂಬುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿ ಸ್ಟೀರಿಂಗ್ ಸೆನ್ಸರಿನ ಸೊನ್ನೆ ಸರಿಪಡಿಸದಿದ್ದರೆ, ಅಳತೆ ತಪ್ಪಿದ ಒಂದು ಟೈರ್ ಹಾಕಿದರೆ ಲೆಕ್ಕ ಎಡವುತ್ತದೆ. ಮೊದಲ ಮೇಜಿನ ಬೇರಿಂಗ್ ಇರುವುದೂ ಈ ಕಾರಣಕ್ಕೆ. ಅದರ ಒಂದು ಮುಖದ ಸೀಲಿನಲ್ಲಿ ಉತ್ತರ-ದಕ್ಷಿಣ ಧ್ರುವಗಳು ಸರದಿಯಲ್ಲಿ ಕೂತಿವೆ. ಚಕ್ರದ ವೇಗ ಎಣಿಸುವುದು ಅವುಗಳಿಂದ. ಎರಡೂ ಮುಖ ನೋಡಲು ಒಂದೇ ಥರ. ತಿರುಗುಮುರುಗಾಗಿ ಕೂರಿಸಿದರೆ ಚಕ್ರ ಚೆನ್ನಾಗಿಯೇ ಉರುಳುತ್ತದೆ, ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ಧ್ರುವಗಳನ್ನು ಕಣ್ಣಿಗೆ ತೋರಿಸುವ ಹಸಿರು ಹಾಳೆ ಪಕ್ಕದಲ್ಲೇ ಇದೆ. ಪ್ರದರ್ಶನ ಈಗ ಎಲ್ಲರಿಗೂ ತೆರೆದಿದೆ. ಒಬ್ಬೊಬ್ಬರಾಗಿ ಬಂದು ಆ ಹಾಳೆಯನ್ನು ಎರಡೂ ಮುಖಕ್ಕೆ ಹಿಡಿದು ನೋಡಬಹುದು.