ಬ್ರಾಡ್‌ಫರ್ಡಿನ ಗಿರಣಿ ಮಕ್ಕಳು

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ರಾತ್ರಿಪಾಳಿಯಲ್ಲಿ ಪಾಕಿಸ್ತಾನ, ಭಾರತಗಳಿಂದ ಹೋದವರು ದುಡಿದರು. ಅವರ ಮಕ್ಕಳು ಮನೆಯಲ್ಲಿ ಪಂಜಾಬಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತ ಬೆಳೆದರು.

ಬೀದಿಯಲ್ಲಿ ಹೊಡೆಯುವ ಬಿಳಿಯ ಪುಂಡರು ಇವನು ಹಿಂದುವೋ, ಮುಸ್ಲಿಮನೋ, ಸಿಖ್ಖನೋ ಎಂದು ವಿಚಾರಿಸಲಿಲ್ಲ. 1970ರ ದಶಕದಲ್ಲಿ ಹುಡುಗರೂ ಮತ ವಿಚಾರಿಸದೆ ಯುವಕ ಸಂಘ ಕಟ್ಟಿದರು. ಕೆರಿಬಿಯನ್ ಜನರೊಡನೆ ಸೇರಿ ತಮ್ಮನ್ನೂ ಕರಿಯರೆಂದೇ ಕರೆದುಕೊಂಡರು. ಅದು ಚರ್ಮದ ಲೆಕ್ಕವಲ್ಲ, ಹೋರಾಟದ ಹೆಸರು. 1981ರಲ್ಲಿ ಪೆಟ್ರೋಲ್ ಬಾಂಬಿನ ಆರೋಪದ ಮೇಲೆ ಹನ್ನೆರಡು ಯುವಕರ ಬಂಧನವಾಯಿತು. ಆತ್ಮರಕ್ಷಣೆಗಾಗಿ ಎಂದು ಅವರು ವಾದಿಸಿದರು. 1982ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು.

ಮುಂದೆ ಆ ಒಗ್ಗಟ್ಟು ಮತವಾರು ಒಡೆಯಿತು. ನೆನಪಿಡಿ: ಹುಟ್ಟು ಒಂದು ಹೆಸರು ಕೊಡುತ್ತದೆ, ಕೂಡಿ ಹೋರಾಡಿದರೆ ಇನ್ನೊಂದು ಸಿಗುತ್ತದೆ. ನಮ್ಮ ಮಕ್ಕಳಿಗೆ ಎರಡೂ ಇರಲಿ.