ಬಲೂನನ್ನು ಎತ್ತುವವರು ಯಾರು?

ಆಷಾಢದಲ್ಲಿ ನಮ್ಮ ಚಾಮರಾಜೇಶ್ವರನ ತೇರು ಹೊರಟಾಗ ಹೊಸ ಜೋಡಿಗಳಿಗೆ ಹಣ್ಣು-ಜವನ ಎಸೆಯುವ ಆತುರ. ಮಕ್ಕಳ ಕಣ್ಣು ಮಾತ್ರ ಗ್ಯಾಸ್ ಬಲೂನಿನವನ ಮೇಲೆ. ದಾರ ಕೈಜಾರಿತೋ, ಬಲೂನು ಗೋಪುರ ದಾಟಿತು. ಒಳಗಿನ ಅನಿಲವೇ ಅದನ್ನು ಮೇಲಕ್ಕೆ ಎಳೆದೊಯ್ದಿತು ಅಂದುಕೊಳ್ಳುತ್ತೇವೆ. ಆದರೆ ಅನಿಲಕ್ಕೂ ತೂಕವಿದೆ, ಅದನ್ನೂ ಭೂಮಿ ಕೆಳಕ್ಕೇ ಎಳೆಯುತ್ತದೆ. ಬಲೂನನ್ನು ನೂಕುವುದು ಹೊರಗಿನ ಗಾಳಿ. ಬಲೂನಿನ ತಲೆಗಿಂತ ತಳದಲ್ಲಿ ಗಾಳಿಯ ಒತ್ತಡ ಒಂದು ಕೂದಲೆಳೆ ಹೆಚ್ಚು. ಅಷ್ಟು ಸಾಕು.

ಎಷ್ಟು ನೂಕುತ್ತದೆ? ಬಲೂನು ಆಕ್ರಮಿಸಿದ ಜಾಗದಲ್ಲಿ ಇರಬೇಕಿದ್ದ ಗಾಳಿಯ ತೂಕದಷ್ಟು. ಅದರಲ್ಲಿ ಒಳಗಿನ ಅನಿಲದ ತೂಕ ಕಳೆದರೆ ಉಳಿಯುವಷ್ಟನ್ನೇ ಬಲೂನು ಎತ್ತಬಲ್ಲದು. ಒಂದೇ ಒತ್ತಡ, ಒಂದೇ ಉಷ್ಣಾಂಶದಲ್ಲಿ ಒಂದು ಲೀಟರ್ ಯಾವ ಅನಿಲ ತೆಗೆದುಕೊಂಡರೂ ಅಣುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಅಣುತೂಕ ಗೊತ್ತಿದ್ದರೆ ಸಾಕು: ಗಾಳಿಗೆ ಸರಾಸರಿ 29, ಹೀಲಿಯಂಗೆ 4, ಜಲಜನಕಕ್ಕೆ 2. ಜಲಜನಕ ಹೀಲಿಯಂನ ಅರ್ಧ ತೂಕ, ಹಾಗಾದರೆ ಎರಡರಷ್ಟು ಎತ್ತಬೇಕಲ್ಲವೇ? ಇಲ್ಲ. 29ರಲ್ಲಿ 2 ಕಳೆದರೆ 27, 4 ಕಳೆದರೆ 25. ಇಷ್ಟು ಸಣ್ಣ ಲಾಭಕ್ಕೆ ಕಿಡಿ ತಾಗಿದರೆ ಧಗ್ಗೆನ್ನುವ ಅನಿಲವನ್ನು ಮಕ್ಕಳ ಕೈಗೆ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಅಗ್ಗ ಎಂಬ ಒಂದೇ ಕಾರಣಕ್ಕೆ ಅದು ಜಾತ್ರೆಗಳಲ್ಲಿ ಉಳಿದಿದೆ.

ನಮ್ಮೂರಿನಲ್ಲಿ ಒಂದು ಲೀಟರ್ ಹೀಲಿಯಂ ಎತ್ತುವುದು ಸುಮಾರು ಒಂದು ಗ್ರಾಂ. 30 ಸೆಂ.ಮೀ. ಅಗಲದ ಬಲೂನಿಗೆ 14 ಲೀಟರ್ ಹಿಡಿಯುತ್ತದೆ. ರಬ್ಬರು, ದಾರದ ತೂಕ ಕಳೆದರೆ ಹತ್ತು ಗ್ರಾಂ ಉಳಿದೀತು. 20 ಕೆ.ಜಿ.ಯ ಮಗುವನ್ನು ಎತ್ತಲು ಎರಡು ಸಾವಿರ ಬಲೂನು ಬೇಕು. ತಾಯಂದಿರು ಹೆದರಬೇಕಾಗಿಲ್ಲ!

ಇನ್ನು ಗುಂಡ್ಲುಪೇಟೆ ಕಡೆಯವರಿಗೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸುಮಾರು 1,450 ಮೀಟರ್, ನಿಮ್ಮ ಪೇಟೆಗಿಂತ ಆರುನೂರು ಮೀಟರಿಗೂ ಎತ್ತರ. ಅಲ್ಲಿ ಗಾಳಿ ಶೇ. 6ರಷ್ಟು ತೆಳು. ಬೆಟ್ಟದ ಮೇಲೆಯೇ ಅದೇ ಅಳತೆಗೆ ಬಲೂನು ಉಬ್ಬಿಸಿದರೆ ಅದು ಎತ್ತುವ ತೂಕವೂ ಅಷ್ಟು ಕಡಿಮೆ. ಕೆಳಗೇ ತುಂಬಿ ಬಸ್ಸಿನಲ್ಲಿ ಒಯ್ದರೆ? ಒಳಗಿನ ಹೀಲಿಯಂ ಹಿಗ್ಗುತ್ತದೆ, ತೆಳು ಗಾಳಿಯಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ, ಎತ್ತುವ ತೂಕ ಬಹುತೇಕ ಅಷ್ಟೇ ಉಳಿಯುತ್ತದೆ. ರಬ್ಬರು ತಾಳುವವರೆಗೆ. ಹವಾಮಾನದ ಬಲೂನುಗಳು ಸುಮಾರು 30 ಕಿ.ಮೀ. ಮೇಲೇರಿ ಒಡೆಯುವುದು ಹೀಗೆಯೇ. ಅದಕ್ಕೇ ಹಾರಿಬಿಡುವಾಗ ಅವನ್ನು ಬಿಗಿಯಾಗಿ ತುಂಬುವುದಿಲ್ಲ.